ಒಳಗನ್ನು ಕಾಣುವ ಬಗೆ: ಕುಂದಾಪುರ ಸೀಮೆಯ ಹೊಟ್ಟೆಯ ಪರಿಭಾಷೆ ಮತ್ತು ಎಂಡೋಸ್ಕೋಪಿ ಮಾಡುವ ಪ್ರಾಥಮಿಕ ವೈದ್ಯ

ಕನ್ನಡದಲ್ಲಿ ಜನಪದ ವೈದ್ಯದ ಅಧ್ಯಯನವು ಬಹುಮಟ್ಟಿಗೆ ಔಷಧಿ ಸಸ್ಯಗಳ ಪಟ್ಟಿಯಾಗಿ, ನಾಟಿವೈದ್ಯರ ಪರಿಚಯವಾಗಿ ಬೆಳೆದುಬಂದಿದೆ. ಯಾವ ಬೇರು ಯಾವ ಕಾಯಿಲೆಗೆ ಎಂಬುದು ದಾಖಲಾದಷ್ಟು ವಿವರವಾಗಿ, ಕಾಯಿಲೆಯನ್ನು ಜನರು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ ಎಂಬುದು ದಾಖಲಾಗಿಲ್ಲ. ಆ ಮಾತು ಆಧುನಿಕ ವೈದ್ಯನ ಕಿವಿಗೆ ಬಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆಯಂತೂ ಜಾನಪದದ ವ್ಯಾಪ್ತಿಗೆ ಸೇರಿದ್ದೆಂದು ಭಾವಿಸಿದವರೇ ಕಡಿಮೆ. ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ಹೊಟ್ಟೆಯ ಕಾಯಿಲೆಗಳನ್ನು ಕುರಿತು ಬಳಕೆಯಲ್ಲಿರುವ ಮಾತು, ನಂಬಿಕೆ ಮತ್ತು ಆಚರಣೆಗಳನ್ನು ಎಂಡೋಸ್ಕೋಪಿ ಎಂಬ ಪರೀಕ್ಷೆಯ ಎದುರಿಗಿಟ್ಟು ಇಲ್ಲಿ ಪರಿಶೀಲಿಸಲಾಗಿದೆ. ಈ ಪರೀಕ್ಷೆಯನ್ನು ಮಾಡುವ ತಾಲೂಕು ಮಟ್ಟದ ವೈದ್ಯನಿಗೆ ಯಾವ ಯಾವ ಬೆಂಬಲ ಬೇಕು ಎಂಬ ವಿಚಾರವನ್ನು ವೈದ್ಯಕೀಯ ಲೋಕವು ಕೈಚಳಕ, ಉಪಕರಣ, ತರಬೇತಿಗಳ ನೆಲೆಯಲ್ಲಿ ಮಾತ್ರ ಚರ್ಚಿಸುತ್ತ ಬಂದಿದೆ. ಅವೆಲ್ಲ ಅಗತ್ಯವೇ. ಆದರೆ ರೋಗಿಯ ಮಾತನ್ನು ಕೊಳವೆಯ ಚಿತ್ರಕ್ಕೂ, ಕೊಳವೆಯ ಚಿತ್ರವನ್ನು ರೋಗಿಯ ಮಾತಿಗೂ ತಿರುಗಿಸುವ ಕೆಲಸದಲ್ಲಿ ಆತನಿಗೆ ದೊರೆಯಬೇಕಾದ ಬೆಂಬಲ ಜಾನಪದದ ಕಡೆಯಿಂದಲೇ ಬರಬೇಕಾಗಿದೆ.

ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರಚನೆಯಾದುದು ೧೯೯೭ರಲ್ಲಿ. ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ತಾಲೂಕುಗಳು ಪ್ರತ್ಯೇಕಗೊಂಡು ಕಾರ್ಯಾರಂಭ ಮಾಡಿದ್ದು ೨೦೧೮ರಲ್ಲಿ. ಆಡಳಿತದ ಗೆರೆ ಹೊಸದಾದರೂ ಭಾಷೆಯ ದೃಷ್ಟಿಯಿಂದ ಇದು ಹಳೆಯ ಸೀಮೆಯೇ. ಬ್ರಹ್ಮಾವರದಿಂದ ದಕ್ಷಿಣಕ್ಕೆ ಸರಿದಂತೆ ತುಳು ಮೇಲುಗೈ ಪಡೆಯುತ್ತದೆ. ಉತ್ತರಕ್ಕೆ ಕೋಟ, ಸಾಲಿಗ್ರಾಮ, ಕುಂದಾಪುರಗಳನ್ನು ದಾಟಿ ಬೈಂದೂರಿನವರೆಗೆ ಕುಂದಾಪುರ ಕನ್ನಡದ್ದೇ ಆಳ್ವಿಕೆ. ಗಂಗೊಳ್ಳಿಯ ಖಾರ್ವಿಗಳ ಕೊಂಕಣಿ, ಶಿರೂರಿನ ನವಾಯತಿ ಇವುಗಳ ನಡುವೆ ತಮ್ಮ ನೆಲೆಯನ್ನು ಕಾಯ್ದುಕೊಂಡಿವೆ. ೧೯೫೩ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಈ ಸೀಮೆಯ ಕಠಿಣ ಕಾಯಿಲೆಗಳೆಲ್ಲ ದಕ್ಷಿಣಾಭಿಮುಖವಾಗಿಯೇ ಪಯಣಿಸುತ್ತ ಬಂದಿವೆ. ಬ್ರಹ್ಮಾವರದವರಿಗೆ ಅದು ಹತ್ತಿರ. ಕುಂದಾಪುರದವರಿಗೆ ನಲವತ್ತು ಕಿಲೋಮೀಟರಿನಷ್ಟು, ಬೈಂದೂರಿನ ಕಡೆಯವರಿಗೆ ಎಪ್ಪತ್ತರಷ್ಟು ದೂರ. ಘಟ್ಟದ ಬುಡದ ಹಳ್ಳಿಯವರು ಬೆಳಗಿನ ಬಸ್ಸು ಹಿಡಿದು, ಬರಿಹೊಟ್ಟೆಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ಎರಡು ಆಳಿನ ಆ ದಿನದ ಸಂಬಳ ಕಳೆದುಕೊಂಡು ಹೋಗಬೇಕು. ಹತ್ತು ನಿಮಿಷದ ಪರೀಕ್ಷೆಗೆ ಇಷ್ಟು ತೆರಬೇಕಾದಾಗ ‘ಇನ್ನೊಂದು ತಿಂಗಳು ಕಾಂಬ’ ಎಂಬ ತೀರ್ಮಾನ ಸಹಜವಾಗಿ ಹುಟ್ಟುತ್ತದೆ. ತಾಲೂಕು ಕೇಂದ್ರದಲ್ಲೇ ಎಂಡೋಸ್ಕೋಪಿ ನಡೆಯುವುದರ ಮಹತ್ವ ಇರುವುದು ಇಲ್ಲಿ.

ಪ್ರಾಥಮಿಕ ವೈದ್ಯ ಎಂಬ ಪದವನ್ನು ಇಲ್ಲಿ ತುಸು ವಿಶಾಲಾರ್ಥದಲ್ಲಿ ಬಳಸಲಾಗಿದೆ. ಜಠರ ಮತ್ತು ಕರುಳಿನ ಪರಿಣತಿಯಲ್ಲಿ ಉನ್ನತ ಪದವಿ ಪಡೆದವರು ನಮ್ಮ ದೇಶದಲ್ಲಿ ಹೆಚ್ಚಾಗಿ ದೊಡ್ಡ ಊರುಗಳಲ್ಲಿ ನೆಲೆಸಿದ್ದಾರೆ. ತಾಲೂಕು ಪಟ್ಟಣಗಳಲ್ಲಿ ಈ ಪರೀಕ್ಷೆಯನ್ನು ನಡೆಸುವವರು ಸಾಮಾನ್ಯವಾಗಿ ಶಸ್ತ್ರವೈದ್ಯರು, ಸಾಮಾನ್ಯ ವೈದ್ಯತಜ್ಞರು. ಬೆಳಿಗ್ಗೆ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡಿ, ನಡುವೆ ಬಿಡುವು ಮಾಡಿಕೊಂಡು ಕೊಳವೆ ಹಿಡಿಯುವವರು. ಅಮೆರಿಕ, ಕೆನಡಾಗಳ ಗ್ರಾಮಾಂತರಗಳಲ್ಲಿಯೂ ಕುಟುಂಬ ವೈದ್ಯರು ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ. ಅಲ್ಲಿಯೂ ಅದಕ್ಕೆ ಕಾರಣ ದೂರವೇ.

ಮಾತಿನ ತೊಡಕು

ಕುಂದಾಪುರ ಕನ್ನಡದಲ್ಲಿ ‘ಇತ್ತ್’ ಎಂಬ ಕ್ರಿಯಾರೂಪವು ವರ್ತಮಾನವನ್ನು ಸೂಚಿಸುತ್ತದೆ. ಗ್ರಾಂಥಿಕ ಕನ್ನಡದ ‘ಇದೆ’ ಎಂಬುದಕ್ಕೆ ಇಲ್ಲಿಯವರು ಹೇಳುವುದು ‘ಇತ್ತ್’ ಎಂದು. ‘ಹೊಟ್ಟಿ ನೋವ್ ಇತ್ತ್’ ಎಂದರೆ ನೋವು ಈಗಲೂ ಇದೆ ಎಂದರ್ಥ. ಮೈಸೂರು, ಧಾರವಾಡ, ಕಲಬುರಗಿಗಳ ಕಡೆಯಿಂದ ಬಂದ ಎಳೆಯ ವೈದ್ಯನ ಕಿವಿಗೆ ಇದು ಭೂತಕಾಲವಾಗಿ ಬೀಳುತ್ತದೆ. ಹಿಂದೆ ಇದ್ದ ನೋವು ಈಗ ಹೋಗಿದೆ ಎಂದು ಅವನು ಬರೆದುಕೊಳ್ಳುವ ಸಂಭವವಿದೆ. ಭಾಷಾವಿಜ್ಞಾನದ ತರಗತಿಯಲ್ಲಿ ಇದು ಉಪಭಾಷೆಯ ಸ್ವಾರಸ್ಯಕರ ಉದಾಹರಣೆ. ರೋಗಿಯ ಚೀಟಿಯಲ್ಲಿ ಇದು ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಸಂಗತಿ. ಎಂಡೋಸ್ಕೋಪಿಯನ್ನು ತಡಮಾಡದೆ ಮಾಡಬೇಕಾದ ಲಕ್ಷಣಗಳೆಂದು ವೈದ್ಯಶಾಸ್ತ್ರವು ಕೆಲವನ್ನು ಪ್ರತ್ಯೇಕಿಸಿದೆ: ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನಿಲ್ಲದ ವಾಂತಿ, ರಕ್ತ ಕಾರುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ರಕ್ತಹೀನತೆ. ಇವುಗಳಲ್ಲಿ ಯಾವುದು ಈಗ ಇದೆ, ಯಾವುದು ಹಿಂದೆ ಇತ್ತು ಎಂಬ ಒಂದೇ ಪ್ರಶ್ನೆಯ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಇನ್ನು ಹೊಟ್ಟೆ ಎಂಬ ಪದ. ಕನ್ನಡದಲ್ಲಿ ಹೊಟ್ಟೆಯು ಅಂಗವಷ್ಟೇ ಅಲ್ಲ, ಭಾವದ ನೆಲೆಯೂ ಹೌದು. ಹೊಟ್ಟೆಕಿಚ್ಚು, ಹೊಟ್ಟೆಯುರಿ ಎಂದರೆ ಅಸೂಯೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದೆಂದರೆ ಕ್ಷಮಿಸುವುದು. ಹೊಟ್ಟೆಪಾಡು ಎಂದರೆ ಬದುಕು. ದೇಹದ ಉರಿಯನ್ನು ಹೇಳಹೊರಟವನು ‘ಹೊಟ್ಟೆ ಉರಿಯುತ್ತದೆ’ ಎಂದರೆ ಕೇಳಿದವರು ನಕ್ಕಾರು. ಆದ್ದರಿಂದ ‘ಎದೆ ಉರಿ’, ‘ಸಂಕಟ’, ‘ಹುಳಿ ತೇಗು’ ಎಂಬ ಮಾತುಗಳು ಮುಂದೆ ಬರುತ್ತವೆ. ‘ಎದೆ’ ಎಂದ ಕೂಡಲೇ ವೈದ್ಯನ ಗಮನ ಹೃದಯದ ಕಡೆಗೆ ಹೋಗುವುದು ಸಹಜ, ಹೋಗಬೇಕಾದದ್ದೂ ಹೌದು. ಇದಕ್ಕೆ ವಿರುದ್ಧವಾದ ಅಪಾಯವೊಂದಿದೆ. ‘ಗ್ಯಾಸ್ಟ್ರಿಕ್’ ಎಂಬ ಪದವು ಇಂಗ್ಲಿಷಿನಲ್ಲಿ ಜಠರಕ್ಕೆ ಸಂಬಂಧಿಸಿದ್ದು ಎಂಬ ವಿಶೇಷಣ ಮಾತ್ರ. ಕನ್ನಡಕ್ಕೆ ಬಂದು ಅದು ಸ್ವತಂತ್ರ ನಾಮಪದವಾಗಿ, ಒಂದು ಕಾಯಿಲೆಯ ಹೆಸರೇ ಆಗಿದೆ. ವಾಯು, ಅಜೀರ್ಣ, ಎದೆಯುರಿ, ಹುಣ್ಣು, ಪಿತ್ತಕೋಶದ ಕಲ್ಲು, ಕೊನೆಗೆ ಹೃದಯಾಘಾತದ ನೋವು ಕೂಡ ಈ ಒಂದು ಪದದ ಹೊಟ್ಟೆಯೊಳಗೆ ಸೇರಿಹೋಗಿವೆ. ಹಳೆಯ ಪದಗಳು ಒಂದೊಂದು ಅನುಭವವನ್ನು ಬೇರೆ ಬೇರೆಯಾಗಿ ಹೆಸರಿಸುತ್ತಿದ್ದುವು; ಹೊಸ ಪದವು ಎಲ್ಲವನ್ನೂ ಒಂದು ಮಾಡಿತು. ಪರಭಾಷೆಯ ಪದವೊಂದು ಬಂದಾಗ ಭಾಷೆ ಶ್ರೀಮಂತವಾಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ಅಪವಾದ. ಎಂಡೋಸ್ಕೋಪಿ ಮಾಡುವ ವೈದ್ಯನು ‘ಗ್ಯಾಸ್ಟ್ರಿಕ್’ ಎಂಬ ಉತ್ತರದಲ್ಲಿ ನಿಲ್ಲದೆ, ‘ಉರಿಯೋ, ನೋವೋ, ಸಂಕಟವೋ, ಉಬ್ಬರವೋ’ ಎಂದು ಹಳೆಯ ಪದಗಳ ಮೂಲಕ ಕೇಳಿದರೆ ರೋಗಿಯು ತಾನೇ ಬಿಡಿಸಿ ಹೇಳುತ್ತಾನೆ.

ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿದ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು ೧೯೮೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹವ್ಯಕ ಮಹಿಳೆಯರು ಮನಸ್ಸಿನ ಸಂಕಟವನ್ನು ದೇಹದ ದೂರುಗಳ ಮೂಲಕವೂ ಆಚರಣೆಗಳ ಮೂಲಕವೂ ಹೇಳಿಕೊಳ್ಳುವ ಬಗೆಯನ್ನು ವಿವರಿಸಿ, ಅದನ್ನು ಸಂಕಟದ ನುಡಿಗಟ್ಟು ಎಂಬರ್ಥದ ಪರಿಕಲ್ಪನೆಯಾಗಿ ಮುಂದಿಟ್ಟರು. ಇಂದು ಜಗತ್ತಿನ ಮನೋವೈದ್ಯಶಾಸ್ತ್ರ ಬಳಸುವ ಈ ಪರಿಕಲ್ಪನೆಯು ನಮ್ಮ ಕರಾವಳಿಯ ಅಡುಗೆಮನೆಗಳಿಂದ ಹೊರಟದ್ದು ಎಂಬುದು ಇಲ್ಲಿಯ ವೈದ್ಯರಿಗೇ ಅಷ್ಟಾಗಿ ತಿಳಿದಂತಿಲ್ಲ.

ಮದ್ದು ಮತ್ತು ಕೈವಿಷ

ಕರಾವಳಿ ಹಾಗೂ ಮಲೆನಾಡಿನಲ್ಲಿ ‘ಮದ್ದು’ ಎಂಬ ಪದಕ್ಕೆ ಔಷಧಿ ಎಂಬ ಅರ್ಥವಿರುವಂತೆಯೇ, ಆಗದವರು ಅನ್ನದಲ್ಲಿ ಬೆರೆಸಿಕೊಡುವ ವಿಷ ಎಂಬ ಅರ್ಥವೂ ಇದೆ. ಎರಡನೆಯದನ್ನು ‘ಕೈಮದ್ದು’, ‘ಕೈವಿಷ’ ಎಂದೂ ಹೇಳುತ್ತಾರೆ. ಈ ನಂಬಿಕೆಯ ಪ್ರಕಾರ, ಹಾಲಿನಲ್ಲೋ ಸಿಹಿತಿಂಡಿಯಲ್ಲೋ ಸೇರಿಸಿ ಕೊಟ್ಟ ಮದ್ದು ಜೀರ್ಣವಾಗದೆ ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿಯೇ ಉಳಿದು ಬೆಳೆಯುತ್ತದೆ. ಮದ್ದು ಬಿದ್ದವನಿಗೆ ಹಸಿವೆ ಇಲ್ಲವಾಗುತ್ತದೆ, ಉಂಡದ್ದು ದಕ್ಕುವುದಿಲ್ಲ, ಹೊಟ್ಟೆಯಲ್ಲಿ ಏನೋ ಕುಳಿತಂತಾಗುತ್ತದೆ, ದಿನೇ ದಿನೇ ಸೊರಗುತ್ತಾನೆ, ಮುಖ ಕಪ್ಪಿಡುತ್ತದೆ. ‘ಹೊಟ್ಟಿ ಒಳ್ಗ್ ಎಂತದೊ ಇತ್ತ್’ ಎಂಬ ಮಾತಿನ ಹಿಂದೆ ಹಲವೊಮ್ಮೆ ಈ ಶಂಕೆ ಅಡಗಿರುತ್ತದೆ. ವೈದ್ಯನೆದುರು ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದರೆ ಮದ್ದು ಹಾಕಿದವರ ಹೆಸರೂ ಹೊರಬರಬೇಕಾಗುತ್ತದೆ. ಆ ಹೆಸರು ಸಾಮಾನ್ಯವಾಗಿ ಮನೆಯೊಳಗಿನದು, ನೆರೆಮನೆಯದು, ಇಲ್ಲವೇ ಆಸ್ತಿಯ ವ್ಯಾಜ್ಯದ್ದು.

ಮೇಲಿನ ಲಕ್ಷಣಗಳನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಹಸಿವೆಯ ನಾಶ, ಉಂಡದ್ದು ವಾಂತಿಯಾಗುವುದು, ಸೊರಗುವುದು, ಹೊಟ್ಟೆಯಲ್ಲಿ ಗಡ್ಡೆ ಇದ್ದಂತೆನಿಸುವುದು: ತಡಮಾಡದೆ ಎಂಡೋಸ್ಕೋಪಿ ಮಾಡಬೇಕೆಂದು ವೈದ್ಯಶಾಸ್ತ್ರ ಹೇಳುವ ಪಟ್ಟಿಯ ಬಹುಭಾಗ ಇದೇ. ಜನಪದರು ಅಪಾಯದ ಲಕ್ಷಣಗಳನ್ನು ಗುರುತಿಸದೆ ಹೋಗಿಲ್ಲ. ಚೆನ್ನಾಗಿಯೇ ಗುರುತಿಸಿ, ಒಂದುಗೂಡಿಸಿ, ಅವಕ್ಕೊಂದು ಹೆಸರನ್ನೂ ಕೊಟ್ಟಿದ್ದಾರೆ. ಆ ಹೆಸರು ರೋಗಿಯನ್ನು ಒಯ್ಯುವ ದಾರಿ ಮಾತ್ರ ಬೇರೆ. ಜಠರದ ಕ್ಯಾನ್ಸರ್ ಇದ್ದವನು ‘ಮದ್ದು ತೆಗೆಸಲು’ ಅಲೆದು ಕಳೆಯುವ ತಿಂಗಳುಗಳೇ ಶಸ್ತ್ರಚಿಕಿತ್ಸೆ ಸಾಧ್ಯವಿದ್ದ ತಿಂಗಳುಗಳಾಗಿರುತ್ತವೆ.

ಮದ್ದು ತೆಗೆಯುವುದೆಂದರೆ ಹೆಚ್ಚಿನ ಕಡೆ ವಾಂತಿ ಮಾಡಿಸುವುದು. ಬರಿಹೊಟ್ಟೆಯಲ್ಲಿ ಮೂಲಿಕೆಯ ರಸವನ್ನು ಕುಡಿಸಲಾಗುತ್ತದೆ. ಕೇರಳದ ಚೇರ್ತಲದ ಬಳಿಯ ತಿರುವಿಳ ಮಹಾದೇವ ದೇವಾಲಯದಲ್ಲಿ ಮೂಲಿಕೆಯ ರಸವನ್ನು ಹಾಲಿನೊಡನೆ ಕೊಟ್ಟು ಕೈವಿಷ ಕಾರಿಸುವ ಪದ್ಧತಿ ಪ್ರಸಿದ್ಧವಾಗಿದೆ. ವಾಂತಿಯಲ್ಲಿ ಹೊರಬಿದ್ದ ಅಂಟಂಟಾದ ಉಂಡೆಯನ್ನು ರೋಗಿಗೂ ಬಂಧುಗಳಿಗೂ ತೋರಿಸುವುದು ಈ ಚಿಕಿತ್ಸೆಯ ಮುಖ್ಯ ಘಟ್ಟ. ಇದನ್ನು ಮೋಸವೆಂದು ತಳ್ಳಿಹಾಕುವುದು ಸುಲಭ, ಆದರೆ ಎಲ್ಲ ಸಂದರ್ಭಗಳಲ್ಲಿ ಅದು ಸರಿಯಾದ ವಿವರಣೆಯಲ್ಲ. ಜಠರದ ಆಮ್ಲದಲ್ಲಿ ಹಾಲು ಒಡೆದು ಗಟ್ಟಿಯಾಗುತ್ತದೆ. ಲೋಳೆ, ಪಿತ್ತ, ಸೊಪ್ಪಿನ ರಸ ಸೇರಿದಾಗ ಅದು ಉಂಡೆಯಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೂ ಮುಖ್ಯವಾದದ್ದು ಶಮನ. ಹಳೆಯ ಹುಣ್ಣಿನಿಂದಲೋ ಗಡ್ಡೆಯಿಂದಲೋ ಜಠರದ ಹೊರದಾರಿ ಕಿರಿದಾಗಿದ್ದರೆ ಅನ್ನವು ದಿನಗಟ್ಟಲೆ ಒಳಗೇ ಉಳಿಯುತ್ತದೆ. ಅಂಥವನಿಗೆ ವಾಂತಿಯಾದೊಡನೆ ನಿಜವಾಗಿಯೇ ಹಗುರವೆನಿಸುತ್ತದೆ. ‘ಮದ್ದು ಹೋಯಿತು’ ಎಂಬುದು ಅವನ ಮಟ್ಟಿಗೆ ಅನುಭವದ ಸತ್ಯ. ಕೆಲವು ದಿನಗಳಲ್ಲಿ ಹೊಟ್ಟೆ ಮತ್ತೆ ತುಂಬಿಕೊಂಡಾಗ ಪೂರ್ತಿ ಹೋಗಿಲ್ಲವೆಂದು ಮತ್ತೊಮ್ಮೆ ತೆಗೆಸಲು ಹೋಗುತ್ತಾನೆ. ಹೀಗೆ ರೋಗದ ಗುಣವೇ ನಂಬಿಕೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಬಲವಂತದ ವಾಂತಿಯಿಂದ ಅನ್ನನಾಳದ ಬುಡ ಸೀಳಿ ರಕ್ತ ಬರುವ, ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯಗಳು ಬೇರೆ. ‘ಮದ್ದು ತೆಗೆಸಿದ್ದೀರಾ, ಆಮೇಲೆ ಎಷ್ಟು ದಿನ ಹಗುರವಾಗಿತ್ತು’ ಎಂದು ವೈದ್ಯನು ಅವಹೇಳನವಿಲ್ಲದೆ ಕೇಳಬಲ್ಲನಾದರೆ, ಕೊಳವೆ ಹಾಕುವ ಮೊದಲೇ ಅರ್ಧ ರೋಗನಿರ್ಣಯ ಅವನ ಕೈಗೆ ಬಂದಿರುತ್ತದೆ. ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದೆಂಬ ಮುನ್ನೆಚ್ಚರಿಕೆಯೂ ಸಿಗುತ್ತದೆ. ಅಂಥ ರೋಗಿಗೆ ಮಾಮೂಲು ಆರು ಗಂಟೆಗಳ ಉಪವಾಸ ಸಾಲದು.

ನಂಬಿಕೆಯನ್ನು ಗೌರವಿಸುವುದೆಂದರೆ ಅದರಲ್ಲಿ ಪಾಲ್ಗೊಳ್ಳುವುದಲ್ಲ. ‘ಕೊಳವೆಯಿಂದ ಮದ್ದು ತೆಗೆದೆ’ ಎಂದು ಹೇಳಿ ರೋಗಿಯನ್ನು ಸಮಾಧಾನಪಡಿಸುವುದು ಅನುಕಂಪದಂತೆ ಕಂಡರೂ, ನೆರೆಮನೆಯವರೋ ಸೊಸೆಯೋ ವಿಷ ಹಾಕಿದ್ದರೆಂಬ ಆರೋಪಕ್ಕೆ ಆಸ್ಪತ್ರೆಯ ಮುದ್ರೆ ಒತ್ತಿದಂತಾಗುತ್ತದೆ.

ಕಾಣುವುದು, ಹಾಕುವುದು

ನೋಡುವುದು ಎಂಬುದಕ್ಕೆ ಕುಂದಾಪುರ ಕನ್ನಡದಲ್ಲಿ ‘ಕಾಂಬುದ್’ ಎನ್ನುತ್ತಾರೆ. ಒಳಗಿರುವುದನ್ನು ಬೇರೊಬ್ಬರ ಮೂಲಕ ಕಾಣಿಸಿಕೊಳ್ಳುವ ಪದ್ಧತಿ ಈ ಸೀಮೆಗೆ ಹೊಸತಲ್ಲ. ನಾಗದರ್ಶನದಲ್ಲಿ ಪಾತ್ರಿಯ ಮೂಲಕ ಕುಟುಂಬದ ದೋಷ ತಿಳಿದುಬರುತ್ತದೆ. ದೈವದ ದರ್ಶನದಲ್ಲಿ ಕಾಯಿಲೆಯ ಕಾರಣ ಹೊರಬೀಳುತ್ತದೆ. ನಾಗಮಂಡಲ, ಢಕ್ಕೆಬಲಿಗಳಲ್ಲಿ ಹಾಡಿ ಕುಣಿಯುವ ಸಮುದಾಯದವರನ್ನು ‘ವೈದ್ಯರು’ ಎಂದೇ ಕರೆಯುವುದು ಉಲ್ಲೇಖನೀಯ. ಎಂಡೋಸ್ಕೋಪಿಗೆ ಪಾರಿಭಾಷಿಕ ಕನ್ನಡದಲ್ಲಿ ‘ಅಂತರ್ದರ್ಶನ’ ಎಂಬ ಪದವನ್ನು ಟಂಕಿಸಿದವರ ಮನಸ್ಸಿನಲ್ಲಿ ಇದಾವುದೂ ಇದ್ದಿರಲಾರದು. ಆದರೂ ‘ದರ್ಶನ’ ಎಂಬ ಪದ ಈ ನೆಲದಲ್ಲಿ ಆಗಲೇ ಕೆಲಸ ಮಾಡುತ್ತಿತ್ತು. ಜನರ ಬಾಯಲ್ಲಿ ಮಾತ್ರ ಅಂತರ್ದರ್ಶನ ನಿಂತಿಲ್ಲ. ‘ಪೈಪ್ ಹಾಕಿ ಕಾಂಬುದ್’, ‘ಕ್ಯಾಮೆರಾ ಹಾಕುದ್’ ಎಂಬುವೇ ಬಳಕೆಯ ಮಾತುಗಳು. ಮದ್ದನ್ನೂ ಹಾಕುತ್ತಾರೆ, ಪೈಪನ್ನೂ ಹಾಕುತ್ತಾರೆ. ತನ್ನ ಹೊಟ್ಟೆಗೆ ಯಾರೋ ಏನನ್ನೋ ಹಾಕಿದ್ದಾರೆಂಬ ಶಂಕೆಯಲ್ಲಿರುವವನಿಗೆ ‘ಹಾಕುತ್ತೇವೆ’ ಎಂಬ ಕ್ರಿಯಾಪದವು ಭಯ ಹುಟ್ಟಿಸಿದರೆ ಅಚ್ಚರಿಯಿಲ್ಲ. ‘ಕಾಂಬ’ ಎಂಬುದು ಅದಕ್ಕಿಂತ ಮೃದುವಾದ, ಇಲ್ಲಿಯವರಿಗೆ ಒಗ್ಗಿದ ಮಾತು.

ಈ ಉಪಕರಣದ ಹುಟ್ಟಿನಲ್ಲಿಯೇ ಜನಪದ ಕಲಾವಿದನೊಬ್ಬನ ಪಾತ್ರವಿದೆ. ೧೮೬೮ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಅಡಾಲ್ಫ್ ಕುಸ್ಮಾಲ್ ಎಂಬ ವೈದ್ಯನು ಜೀವಂತ ಮನುಷ್ಯನ ಜಠರದೊಳಕ್ಕೆ ನೇರ ಲೋಹದ ಕೊಳವೆ ಇಳಿಸಿ ನೋಡುವ ಪ್ರಯತ್ನ ಮಾಡಿದಾಗ, ಆತನಿಗೆ ಒದಗಿಬಂದವನು ಕತ್ತಿ ನುಂಗುವ ಆಟಗಾರ. ಕತ್ತು ಹಿಂದಕ್ಕೆ ಬಾಗಿಸಿ, ಗಂಟಲನ್ನು ಸಡಿಲಬಿಟ್ಟು, ಓಕರಿಕೆಯನ್ನು ಅಡಗಿಸುವ ವಿದ್ಯೆ ಅವನಿಗೆ ಗೊತ್ತಿತ್ತು; ವೈದ್ಯಶಾಸ್ತ್ರಕ್ಕೆ ಗೊತ್ತಿರಲಿಲ್ಲ. ೧೯೫೪ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಅವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಅದನ್ನು ಆಧರಿಸಿ ೧೯೫೭ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಬಾಗುವ ಕೊಳವೆಯನ್ನು ಬಳಕೆಗೆ ತಂದರು. ಅಂದಿನಿಂದ ಕತ್ತಿ ನುಂಗುವವನ ವಿದ್ಯೆ ಇಲ್ಲದವರೂ ಈ ಪರೀಕ್ಷೆಗೆ ಒಳಗಾಗುವಂತಾಯಿತು. ಆದರೂ ನಮ್ಮಲ್ಲಿ ಈ ಪರೀಕ್ಷೆಯನ್ನು ಹಲವೆಡೆ ನಿದ್ರೆಯ ಮದ್ದಿಲ್ಲದೆ, ಗಂಟಲು ಮರಗಟ್ಟಿಸುವ ಔಷಧ ಸಿಂಪಡಿಸಿ ಮಾತ್ರ ಮಾಡುವುದರಿಂದ, ರೋಗಿಯು ಆ ಕೆಲವು ನಿಮಿಷ ಎಚ್ಚರವಾಗಿಯೇ ಇರುತ್ತಾನೆ. ಮಾತಾಡಲಾರ, ಕೇಳಬಲ್ಲ. ಆ ಹೊತ್ತಿನಲ್ಲಿ ಕಿವಿಗೆ ಬೀಳುವ ‘ನುಂಗಿ, ಉಸಿರು ಬಿಡಿ’ ಎಂಬ ಎರಡು ಮಾತು ಅವನ ಮನೆಯ ಕನ್ನಡದಲ್ಲಿ, ಗಂಗೊಳ್ಳಿಯವನಾದರೆ ಕೊಂಕಣಿಯಲ್ಲಿ ಇದ್ದರೆ ಗಂಟಲು ಸಡಿಲವಾಗುತ್ತದೆ. ಇದನ್ನು ವೈದ್ಯನಿಗಿಂತ ಪಕ್ಕದಲ್ಲಿ ನಿಂತ ದಾದಿ ಚೆನ್ನಾಗಿ ಮಾಡಬಲ್ಲಳು. ಆಕೆ ಊರಿನವಳೇ ಆಗಿರುತ್ತಾಳೆ.

ಬರಿಹೊಟ್ಟೆಯಲ್ಲಿ ಬರಬೇಕೆಂಬ ಸೂಚನೆ ಇಲ್ಲಿಯವರಿಗೆ ಅಪರಿಚಿತವಲ್ಲ. ಆಸಾಡಿ ಅಮಾವಾಸ್ಯೆಯ ಮುಂಜಾನೆ ಹಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಕುಡಿಯುವುದು ಬರಿಹೊಟ್ಟೆಯಲ್ಲಿಯೇ. (೨೦೧೯ರಿಂದ ಇದೇ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನವಾಗಿಯೂ ಆಚರಿಸಲಾಗುತ್ತಿದೆ.) ತೊಡಕಿರುವುದು ‘ಉಣ್ಣುವುದು’ ಎಂಬುದರ ವ್ಯಾಪ್ತಿಯಲ್ಲಿ. ಉಣ್ಣುವುದೆಂದರೆ ಅನ್ನ, ಚಹಾ, ಗಂಜಿತಿಳಿ, ಎಲೆಯಡಿಕೆ ಆ ಲೆಕ್ಕಕ್ಕೆ ಬರುವುದಿಲ್ಲ. ‘ಏನೂ ಉಣ್ಣದೆ ಬನ್ನಿ’ ಎಂದರೆ ಹಾಲು ಹಾಕಿದ ಚಹಾ ಕುಡಿದು, ಬಾಯಲ್ಲಿ ತಾಂಬೂಲವಿಟ್ಟುಕೊಂಡು ಬಂದವನು ಆಜ್ಞೆ ಮೀರಿದನೆಂದು ಹೇಳುವಂತಿಲ್ಲ. ‘ಆಸಾಡಿ ಕಷಾಯಕ್ಕೆ ಹೇಗೋ ಹಾಗೆ’ ಎಂದರೆ ಸಾಕು.

ಎಂಜಲಿನ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಒಬ್ಬರ ಬಾಯಿಗೆ ತಾಗಿದ್ದು ಮತ್ತೊಬ್ಬರಿಗೆ ಸಲ್ಲದೆಂಬ ಎಂಜಲಿನ ಕಲ್ಪನೆ ಜಾತಿ ಮತಗಳನ್ನು ಮೀರಿ ಈ ಸೀಮೆಯ ಊಟದ ಶಿಸ್ತನ್ನು ರೂಪಿಸಿದೆ. ಹತ್ತಾರು ಮಂದಿಯ ಗಂಟಲಿಳಿದ ಕೊಳವೆ ತನ್ನ ಬಾಯಿಗೆ ಬರುತ್ತದೆಂಬ ಹೇಸಿಗೆಯನ್ನು ರೋಗಿ ವೈದ್ಯನೆದುರು ಹೇಳುವುದಿಲ್ಲ. ಪರೀಕ್ಷೆಯ ದಿನ ಬಾರದೆ ಉಳಿಯುತ್ತಾನೆ. ಇದನ್ನು ಮೂಢನಂಬಿಕೆ ಎನ್ನುವುದು ತಪ್ಪು. ಸರಿಯಾಗಿ ಶುದ್ಧಿಯಾಗದ ಕೊಳವೆಯಿಂದ ಸೋಂಕು ಹರಡುವುದು ವೈದ್ಯಶಾಸ್ತ್ರವೇ ಒಪ್ಪಿದ ಸಂಗತಿ. ಎಂಜಲಿನ ಕಲ್ಪನೆಯೂ ಸೋಂಕಿನ ವಿಜ್ಞಾನವೂ ಇಲ್ಲಿ ಒಂದೇ ಪಕ್ಷದಲ್ಲಿ ನಿಂತಿವೆ. ಕೊಳವೆ ಹೊರಬಂದ ಕೂಡಲೇ ಒರೆಸಿ ನೀರು ಹೀರಿಸಬೇಕು. ಸೋರಿಕೆ ಇದೆಯೇ ಎಂದು ಪರೀಕ್ಷಿಸಬೇಕು. ಒಳನಾಳಗಳನ್ನು ಕಿಣ್ವದ ಸಾಬೂನಿನಲ್ಲಿ ಬ್ರಷ್ ಹಾಕಿ ಉಜ್ಜಬೇಕು. ಬಳಿಕ ಶೇಕಡಾ ೨ರ ಗ್ಲೂಟರಾಲ್ಡಿಹೈಡಿನಲ್ಲಿ ಸಾಮಾನ್ಯವಾಗಿ ೨೦ ನಿಮಿಷ, ಇಲ್ಲವೇ ಅದಕ್ಕೆ ಸಮನಾದ ಬೇರೆ ದ್ರಾವಣದಲ್ಲಿ ನಿಗದಿತ ಹೊತ್ತು ಮುಳುಗಿಸಿ, ತೊಳೆದು, ಒಣಗಿಸಿ, ತೂಗುಹಾಕಬೇಕು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಒಣಗಿಸುವ ಹಂತವೇ ಅತ್ಯಂತ ಕಷ್ಟದ್ದು. ತೇವ ಉಳಿದ ನಾಳದಲ್ಲಿ ರೋಗಾಣು ಮತ್ತೆ ಬೆಳೆಯುತ್ತದೆ. ಒಂದೇ ಕೊಳವೆಯುಳ್ಳ ಚಿಕ್ಕ ಆಸ್ಪತ್ರೆಗೆ ಇದರರ್ಥ ದಿನಕ್ಕೆ ಮಾಡಬಹುದಾದ ಪರೀಕ್ಷೆಗಳ ಸಂಖ್ಯೆಗೆ ಮಿತಿ ಇದೆ ಎಂದು. ಪ್ರಾಥಮಿಕ ವೈದ್ಯನಿಗೆ ಬೆಂಬಲ ಎಂದಾಗ ಮೊದಲು ನೆನಪಾಗಬೇಕಾದದ್ದು ಈ ಕೆಲಸವನ್ನು ಬಲ್ಲ ಒಬ್ಬ ಸಹಾಯಕ ಅಥವಾ ಸಹಾಯಕಿ. ತೊಳೆಯುವ ಕೋಣೆಗೆ ಗಾಜಿನ ಕಿಟಕಿಯಿದ್ದು, ಕಾಯುತ್ತ ಕುಳಿತವರಿಗೆ ಅದು ಕಾಣುವಂತಿದ್ದರೆ ಎಂಜಲಿನ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಾರದು.

ಕೈ, ಕಣ್ಣು ಮತ್ತು ಜೊತೆ

ಕೊಳವೆ ಹಿಡಿಯುವ ವಿದ್ಯೆ ಪುಸ್ತಕದಿಂದ ಬರುವುದಲ್ಲ. ಗುರುವಿನ ಪಕ್ಕದಲ್ಲಿ ನಿಂತು, ಕೈ ಮೇಲೆ ಕೈಯಿಟ್ಟು ಕಲಿಯುವಂಥದ್ದು. ಮದ್ದಳೆಯ ಪಾಠದ ಹಾಗೆ. ಅನ್ನನಾಳ ಮತ್ತು ಜಠರದ ಪರೀಕ್ಷೆಯಲ್ಲಿ ಕನಿಷ್ಠ ೧೩೦ನ್ನಾದರೂ ಮೇಲ್ವಿಚಾರಣೆಯಲ್ಲಿ ಮಾಡಿದ ಮೇಲೆಯೇ ಒಬ್ಬನ ಸಾಮರ್ಥ್ಯವನ್ನು ಅಳೆಯಬೇಕೆಂದು ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘ ಸೂಚಿಸಿದೆ. ಯುರೋಪಿನ ಸಂಘವು ೨೦೧೬ರಲ್ಲಿ, ಮೊದಲ ಬಾರಿಯ ಪರೀಕ್ಷೆಯಲ್ಲಿ ಕೊಳವೆ ಒಳಗೆ ಹೋಗಿ ಹೊರಬರಲು ಕನಿಷ್ಠ ೭ ನಿಮಿಷ ಕೊಡಬೇಕು, ಕನಿಷ್ಠ ೧೦ ಚಿತ್ರಗಳನ್ನು ದಾಖಲಿಸಬೇಕು ಎಂದು ಹೇಳಿತು. ಹೊರರೋಗಿಗಳ ಸಾಲು ಬಾಗಿಲಾಚೆ ನಿಂತಿರುವಾಗ ಏಳು ನಿಮಿಷವೂ ದೀರ್ಘವೇ. ಆದರೆ ಚಿಕ್ಕ ಗಡ್ಡೆಗಳು ತಪ್ಪಿಹೋಗುವುದು ಅವಸರದಲ್ಲಿಯೇ.

ಕಲಿತ ಮೇಲೂ ಒಂಟಿಯಾಗಿ ಕೆಲಸ ಮಾಡುವವನ ಕಣ್ಣು ಮಬ್ಬಾಗುತ್ತದೆ. ಇದಕ್ಕೊಂದು ದಾರಿಯನ್ನು ೨೦೦೩ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತೀಯ ಮೂಲದ ಯಕೃತ್ ತಜ್ಞ ಸಂಜೀವ್ ಅರೋರಾ ತೋರಿಸಿಕೊಟ್ಟರು. ಹೆಪಟೈಟಿಸ್-ಸಿ ರೋಗಿಗಳನ್ನು ನಗರಕ್ಕೆ ಕರೆಸುವ ಬದಲು, ಹಳ್ಳಿಗಳ ಪ್ರಾಥಮಿಕ ವೈದ್ಯರನ್ನು ವಾರಕ್ಕೊಮ್ಮೆ ದೃಶ್ಯಸಂಪರ್ಕದಲ್ಲಿ ಕೂರಿಸಿ, ಅವರವರ ರೋಗಿಗಳ ವಿವರವನ್ನೇ ಪಾಠವಾಗಿಸುವುದು ಇದರ ಕ್ರಮ. ‘ಎಕೋ’ ಎಂಬ ಹೆಸರಿನ ಈ ಯೋಜನೆಯ ಫಲಿತಾಂಶ ೨೦೧೧ರಲ್ಲಿ ಪ್ರಕಟವಾದಾಗ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇ. ೫೭.೫ರಷ್ಟು, ಹಳ್ಳಿಯ ವೈದ್ಯರ ಬಳಿ ಶೇ. ೫೮.೨ರಷ್ಟು ರೋಗಿಗಳು ಗುಣಮುಖರಾಗಿದ್ದುದು ತಿಳಿದುಬಂತು. ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಕ್ರಮವನ್ನು ಅಳವಡಿಸಿಕೊಂಡಿದೆ. ಎಂಡೋಸ್ಕೋಪಿಯ ಚಿತ್ರಗಳು ದೂರಕ್ಕೆ ಕಳಿಸಲು ಹೇಳಿಮಾಡಿಸಿದಂಥವು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ವೈದ್ಯರೂ ಮಣಿಪಾಲದ ತಜ್ಞರೂ ಹೀಗೆ ಒಂದೆಡೆ ಕೂಡುವುದಾದರೆ, ಆ ಸಭೆಯಲ್ಲಿ ಚಿತ್ರದ ಜೊತೆಗೆ ರೋಗಿಯಾಡಿದ ಮಾತನ್ನೂ ಅವನದೇ ಉಪಭಾಷೆಯಲ್ಲಿ ದಾಖಲಿಸಿ ಮುಂದಿಡಬೇಕು. ಪದಕೋಶವೊಂದು ತಾನಾಗಿ ಬೆಳೆಯುತ್ತದೆ. ಪ್ರತಿವರ್ಷ ಹೊಸದಾಗಿ ಬರುವ ಎಳೆಯ ವೈದ್ಯರು ‘ಇತ್ತ್’ ಎಂಬಲ್ಲಿಂದ ಕಲಿಕೆ ಆರಂಭಿಸಬಹುದು.

ಏನೂ ಕಾಣದಿದ್ದಾಗ ಏನು ಹೇಳಬೇಕೆಂಬುದು ಉಳಿದ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅಜೀರ್ಣದ ದೂರಿನಿಂದ ಬಂದವರಲ್ಲಿ ಬಹುಪಾಲು ಮಂದಿಗೆ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಜಠರದ ಚಲನೆ ಮತ್ತು ಸಂವೇದನೆಯಲ್ಲಿ ಏರುಪೇರಿರುತ್ತದೆ. ಮದ್ದು ತೆಗೆಯುವವನು ಉಂಡೆ ತೋರಿಸಿದ್ದ. ಲಕ್ಷಾಂತರ ರೂಪಾಯಿಯ ಯಂತ್ರವು ತೋರಿಸಿದ್ದು ಖಾಲಿ ಗೋಡೆ. ‘ಎಂತದೂ ಇಲ್ಲ’ ಎಂಬ ವೈದ್ಯನ ಮಾತು ರೋಗಿಯ ಕಿವಿಗೆ ‘ನಿನ್ನ ನೋವು ಸುಳ್ಳು’ ಎಂದು ಬೀಳುತ್ತದೆ, ಅಥವಾ ‘ಯಂತ್ರಕ್ಕೆ ಕಾಣದ್ದು ಇದೆ’ ಎಂದು. ಎರಡೂ ಅವನನ್ನು ಹಳೆಯ ದಾರಿಗೇ ಕಳಿಸುತ್ತವೆ. ಚಿತ್ರವನ್ನು ಕೈಗಿತ್ತು, ‘ಗೋಡೆ ಕೆಂಪಗೆ ಚೊಕ್ಕಟವಾಗಿದೆ, ಯಾವುದೂ ಅಂಟಿಕೊಂಡಿಲ್ಲ, ನಿಮ್ಮ ಸಂಕಟ ನಿಜ, ಹೊಟ್ಟೆ ನಡೆಯುವ ಚಾಲು ತಪ್ಪಿದೆ’ ಎಂದು ಹೇಳುವುದಕ್ಕೆ ಎರಡು ನಿಮಿಷ ಸಾಕು. ‘ಯಾವುದೂ ಅಂಟಿಕೊಂಡಿಲ್ಲ’ ಎಂಬ ಮಾತು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತದೆ. ಯಾರ ಹೆಸರನ್ನೂ ಎತ್ತದೆ ಮನೆಯೊಳಗಿನ ಒಂದು ಆರೋಪವನ್ನು ತಣ್ಣಗಾಗಿಸುತ್ತದೆ.

ಕೆಲವೊಮ್ಮೆ ತೋರಿಸಲು ಏನಾದರೂ ಇರುತ್ತದೆ. ಹುಣ್ಣಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಎಂದು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ ೨೦೦೫ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಇದು ನೆಲೆಸಿದೆ, ಎಲ್ಲರಿಗೂ ಹುಣ್ಣಾಗುವುದಿಲ್ಲ. ಜಠರದ ಗೋಡೆಯ ಚೂರೊಂದನ್ನು ತೆಗೆದು ಯೂರಿಯಾ ಇರುವ ಹಳದಿ ಲೇಪದಲ್ಲಿಟ್ಟರೆ, ರೋಗಾಣುವಿದ್ದಾಗ ಬಣ್ಣ ಗುಲಾಬಿಗೆ ತಿರುಗುತ್ತದೆ. ಈ ಬದಲಾವಣೆಯನ್ನು ರೋಗಿಯ ಕಣ್ಣೆದುರಿಗೇ ತೋರಿಸಬಹುದು. ಆದರೆ ಅಂಗಡಿಯಲ್ಲಿ ಕೇಳಿ ಪಡೆದ ‘ಗ್ಯಾಸ್ಟ್ರಿಕ್ ಮಾತ್ರೆ’ಯನ್ನು ಎರಡು ವಾರ ಮೊದಲೇ ನಿಲ್ಲಿಸಿರದಿದ್ದರೆ ರೋಗಾಣುವಿದ್ದೂ ಬಣ್ಣ ಬದಲಾಗದೆ ಹೋಗಬಹುದು. ಆ ಮಾತ್ರೆಯನ್ನು ಜನರು ಔಷಧಿಯೆಂದು ಎಣಿಸುವುದಿಲ್ಲ, ಊಟದ ಭಾಗವಾಗಿಬಿಟ್ಟಿದೆ. ‘ಮದ್ದು ತೆಗೆದುಕೊಳ್ಳುತ್ತಿದ್ದೀರಾ’ ಎಂದರೆ ಇಲ್ಲ ಎನ್ನುತ್ತಾರೆ. ಮಾತ್ರೆಯ ಹೆಸರು ಹಿಡಿದೇ ಕೇಳಬೇಕು.

ಜಠರದಲ್ಲಿ ಹುಣ್ಣು ಕಂಡುಬಂದವರು ಚಿಕಿತ್ಸೆಯ ನಂತರ ಎಂಟರಿಂದ ಹನ್ನೆರಡು ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಬರಬೇಕಾಗುವುದುಂಟು. ಮಾಯದ ಹುಣ್ಣಿನ ಬುಡದಲ್ಲಿ ಕ್ಯಾನ್ಸರ್ ಅಡಗಿರಬಹುದು. ನೋವು ನಿಂತವನಿಗೆ ಮತ್ತೆ ಕೊಳವೆ ನುಂಗಲು ಕಾರಣ ಕಾಣುವುದಿಲ್ಲ. ಗುಣವಾದ ಮೇಲೆ ಮರಳಿ ಹೋಗುವ ಪದ್ಧತಿ ಈ ಸೀಮೆಯಲ್ಲಿ ಇಲ್ಲವೆಂದಲ್ಲ: ಕೊಲ್ಲೂರಿಗೋ, ಊರಿನ ದೈವಕ್ಕೋ, ನಾಗಬನಕ್ಕೋ ಹರಕೆ ಹೇಳಿಕೊಂಡವರು ಗುಣವಾದ ಬಳಿಕ ತಪ್ಪದೆ ಹೋಗಿ ಒಪ್ಪಿಸಿ ಬರುತ್ತಾರೆ. ಹರಕೆ ಯಾವಾಗ ಒಪ್ಪಿಸುವಿರೆಂದು ಕೇಳಿ ತಿಳಿದು, ಎರಡನೆಯ ಪರೀಕ್ಷೆಯ ದಿನವನ್ನು ಅದಕ್ಕೆ ಹೊಂದಿಸಿ ಚೀಟಿಯಲ್ಲಿ ಬರೆದುಕೊಡುವುದು ತಾಲೂಕಿನ ವೈದ್ಯನಿಗೆ ಸಾಧ್ಯ. ಎಪ್ಪತ್ತು ಕಿಲೋಮೀಟರ್ ಆಚೆಯ ತಜ್ಞನಿಗೆ ಅದು ತಿಳಿಯುವುದೇ ಇಲ್ಲ.